ಅಪ್ಪ ಕುಡುಕನಾಗಿದ್ದ ಅಂತ ಮಗನಿಗೆ ಹೆಣ್ಣು ಕೊಡಬಾರದಾ? 'ರಕ್ತದಲ್ಲೇ ಇದೆ' ಅನ್ನುವುದು ಎಷ್ಟು ನಿಜ?

ಚಿಂತಾಮಣಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಈಗ ಇದೇ ಮಾತು. ತಂಗಿಗೆ ಗಂಡು ನೋಡುತ್ತಿದ್ದೇವೆ. ಕೋಲಾರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಡಿಪ್ಲೊಮಾ ಮಾಡಿದ್ದಾನೆ, ನರಸಾಪುರದಲ್ಲಿ ಕೆಲಸ. ತಂಗಿಗೂ ಇಷ್ಟವಾಗಿದೆ. ಆದರೆ ಹುಡುಗನ ತಂದೆ ಕುಡಿದು ಕುಡಿದು ಲಿವರ್ ಹಾಳಾಗಿ ತೀರಿಕೊಂಡವರು. ಅದು ಗೊತ್ತಾದ ತಕ್ಷಣ ದೊಡ್ಡಪ್ಪ "ಹುಟ್ಟುಗುಣ ಸುಟ್ಟರೂ ಹೋಗಲ್ಲ, ಇವತ್ತಲ್ಲ ನಾಳೆ ಇವನೂ ಬಾಟಲಿ ಹಿಡೀತಾನೆ" ಅಂದುಬಿಟ್ಟರು. ಹುಡುಗ ಕುಡಿಯುವುದಿಲ್ಲ. ಅವನ ಜೊತೆ ಕೆಲಸ ಮಾಡುವವರನ್ನೂ ವಿಚಾರಿಸಿದ್ದೇವೆ. ಆದರೂ ದೊಡ್ಡಪ್ಪನ ಮಾತು ಒಂದೇ, "ಅದು ರಕ್ತದಲ್ಲೇ ಇರುತ್ತೆ, ಈಗ ಸೈನ್ಸೂ ಅದನ್ನೇ ಹೇಳುತ್ತೆ." ಸೈನ್ಸ್ ನಿಜವಾಗಿ ಏನು ಹೇಳುತ್ತದೆ? ತಿಳಿದವರು ಹೇಳಿ.

ಶಿಡ್ಲಘಟ್ಟ ಹುಳುಮನೆ:

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ದೊಡ್ಡಪ್ಪ ಹೇಳುವುದರಲ್ಲಿ ಹುರುಳಿದೆ. ನಾವು ತಲೆತಲಾಂತರದಿಂದ ರೇಷ್ಮೆ ಸಾಕುವವರು. ಮೈಸೂರು ತಳಿಯ ಹುಳಕ್ಕೆ ಎಂಥ ಸೊಪ್ಪು ಹಾಕಿದರೂ ಅದು ಹಳದಿ ಗೂಡೇ ಕಟ್ಟುವುದು. ಬೈವೋಲ್ಟೀನ್ ತಳಿ ಬಿಳಿ ಗೂಡೇ ಕಟ್ಟುವುದು. ಸಾಕುವವರ ಕೈಯಲ್ಲಿ ಅದನ್ನು ಬದಲಾಯಿಸೋಕೆ ಆಗುತ್ತಾ? ಹಸು ಕೊಳ್ಳುವಾಗಲೂ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತ ಕೇಳಿಯೇ ಕೊಳ್ಳುತ್ತೇವೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ತಳಿ ಲೆಕ್ಕಕ್ಕಿಲ್ಲ ಅಂದರೆ ಹೇಗೆ?

ತುಮಕೂರು ಬಯಾಲಜಿ ಮೇಷ್ಟ್ರು:

ಹುಳುಮನೆ ಅಣ್ಣ, ತಳಿ ಲೆಕ್ಕಕ್ಕಿದೆ. ಗೂಡಿನ ಬಣ್ಣ ಪಕ್ಕಾ ವಂಶವಾಹಿಯ, ಅಂದರೆ ಜೀನ್‌ನ ಕೆಲಸ. ಜಪಾನಿನ ಟೊಯಾಮಾ ಅನ್ನುವವರು 1906ರಲ್ಲೇ ರೇಷ್ಮೆಹುಳದಲ್ಲಿ, ತಂದೆತಾಯಿಯ ಗುಣ ಮರಿಗಳಿಗೆ ಇಳಿಯುವ ಮೆಂಡಲ್ ನಿಯಮ ನಡೆಯುವುದನ್ನು ತೋರಿಸಿದ್ದರು. ಆದರೆ ನಿಮ್ಮನ್ನೇ ಒಂದು ಕೇಳುತ್ತೇನೆ. ಎಳೆ ಹುಳ ಸಾಕಿ ಕೊಡುವ ಒಂದೇ ಚಾಕಿ ಸೆಂಟರಿನಿಂದ ಒಂದೇ ದಿನ ತಂದ ಹುಳ ನಿಮ್ಮ ಮನೆಯಲ್ಲಿ ಒಂದು ಇಳುವರಿ, ಪಕ್ಕದವರ ಮನೆಯಲ್ಲಿ ಇನ್ನೊಂದು ಇಳುವರಿ ಕೊಡುತ್ತದಲ್ಲ, ಅದು ತಳಿಯಿಂದ ಬಂದ ವ್ಯತ್ಯಾಸವಾ? ಒಬ್ಬರು ಮನೆಗೆ ಬ್ಲೀಚಿಂಗ್ ಹೊಡೆದಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಒಬ್ಬರ ಸೊಪ್ಪು ಬಾಡಿರುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹಾಲುತೊಂಡೆ ರೋಗ ಬಿದ್ದರೆ ಎಂಥ ತಳಿಯಾದರೂ ಗೂಡು ಕಟ್ಟುವ ಚಂದ್ರಿಕೆ ಹತ್ತುವುದಿಲ್ಲ. ಗೂಡಿನ ಬಣ್ಣದ ಪ್ರಶ್ನೆ ಬೇರೆ, ಇಳುವರಿಯ ಪ್ರಶ್ನೆ ಬೇರೆ. ಕುಡಿತ ಎರಡನೆಯದರ ಸಾಲಿಗೆ ಸೇರಿದ್ದು.

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕುಡಿತದ ಚಟದಲ್ಲಿ ವಂಶವಾಹಿಯ ಪಾಲು ಇದೆಯಾ? ಇದೆ. ಅವಳಿ ಮಕ್ಕಳನ್ನು ಹೋಲಿಸಿ ಮಾಡಿದ ಲೆಕ್ಕಗಳು ಸುಮಾರು ಶೇ. 50 ಅನ್ನುತ್ತವೆ. ಈ 50ನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಕುಡುಕನ ಮಗ ಕುಡುಕನಾಗುವ ಸಾಧ್ಯತೆ ಅರ್ಧಕ್ಕರ್ಧ ಅಂದುಕೊಳ್ಳುತ್ತಾರೆ. ಖಂಡಿತ ಹಾಗಲ್ಲ. ಒಂದು ಜನಸಮೂಹದಲ್ಲಿ ಕೆಲವರು ಚಟಕ್ಕೆ ಬೀಳುತ್ತಾರೆ, ಕೆಲವರು ಬೀಳುವುದಿಲ್ಲ. ಆ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಅವರ ವಂಶವಾಹಿಗಳ ವ್ಯತ್ಯಾಸದ ಜೊತೆ ಹೋಗುತ್ತದೆ, ಅಷ್ಟೇ. ಅದು ಗುಂಪಿನ ಲೆಕ್ಕ. ಅದನ್ನು ಹಿಡಿದು ಒಬ್ಬ ಹುಡುಗನ ಹಣೆಬರಹ ಓದೋಕೆ ಬರುವುದಿಲ್ಲ.

ಇದಕ್ಕಿಂತ ನೇರವಾದ ಉತ್ತರ ದತ್ತು ಮಕ್ಕಳಿಂದ ಸಿಗುತ್ತದೆ. ಡೆನ್ಮಾರ್ಕ್‌ನಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹುಟ್ಟಿ ಆರು ವಾರದೊಳಗೆ ಹೆತ್ತವರಿಂದ ಬೇರೆಯಾಗಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ನೋಡಿದರು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಚಟವಿದ್ದವರು 55 ಜನ, ಇಲ್ಲದವರು 78 ಜನ. ಮೊದಲ ಗುಂಪಿನಲ್ಲಿ ಶೇ. 18ರಷ್ಟು ಜನ ಚಟಕ್ಕೆ ಬಿದ್ದಿದ್ದರು. ಎರಡನೆಯ ಗುಂಪಿನಲ್ಲಿ ಶೇ. 5. ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ 'ವಂಶವಾಹಿಗೂ ಇದಕ್ಕೂ ಸಂಬಂಧವೇ ಇಲ್ಲ' ಅಂತ ನಾನು ಹೇಳುವುದಿಲ್ಲ. ಆದರೆ ಅದೇ ಮೊದಲ ಗುಂಪಿನಲ್ಲಿ ಶೇ. 82ರಷ್ಟು ಜನ ಚಟಕ್ಕೆ ಬೀಳಲಿಲ್ಲ. ದೊಡ್ಡಪ್ಪನವರಿಗೆ ಈ ಎರಡನ್ನೂ ಒಟ್ಟಿಗೆ ಹೇಳಿ.

ಶಿಡ್ಲಘಟ್ಟ ಹುಳುಮನೆ:

ಮೇಷ್ಟ್ರೇ, ಅವರನ್ನು ನೋಡಿದಾಗ ವಯಸ್ಸೆಷ್ಟಿತ್ತು? ನಲವತ್ತೈದರಲ್ಲಿ ಶುರು ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ.

ತುಮಕೂರು ಬಯಾಲಜಿ ಮೇಷ್ಟ್ರು:

ಒಳ್ಳೆ ಪ್ರಶ್ನೆ. ಸರಾಸರಿ 30ರ ಆಸುಪಾಸು. ತಡವಾಗಿ ಶುರುವಾಗುವವರೂ ಇರುತ್ತಾರೆ, ಹಾಗಾಗಿ 18 ಸ್ವಲ್ಪ ಏರಬಹುದು. ಆದರೂ ನೂರಕ್ಕೆ ನೂರು ಅನ್ನುವ ದೊಡ್ಡಪ್ಪನ ಮಾತಿಗೂ ಅದಕ್ಕೂ ಬಹಳ ದೂರ.

ಮಾಲೂರು ಹೆಂಚಿನ ಊರವ:

ನಾನು ಕುಡುಕನ ಮಗ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದರು. ಶನಿವಾರ ಬಟವಾಡೆ. ಕೈಗೆ ದುಡ್ಡು ಬಂದು ರಸ್ತೆ ದಾಟಿದರೆ ಸಾರಾಯಿ ಅಂಗಡಿ. ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ, ಒಂದೇ ಸಲ ಬಾಯಿಗೆ ಹಿಂಡಿ, ಮೇಲೊಂದು ಚೂರು ಉಪ್ಪಿನಕಾಯಿ ನೆಕ್ಕುತ್ತಿದ್ದರು. ಅಮ್ಮ ಅಂಗಿ ಒಗೆಯುವಾಗ ಜೇಬಿನಲ್ಲಿ ಆ ಕಚ್ಚಿದ ಮೂಲೆಗಳು ಸಿಗುತ್ತಿದ್ದವು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅಪ್ಪ ಅಗ್ಗದ ವಿಸ್ಕಿಗೆ ಹೋದರು. ಆ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ ಗಂಡಸರಲ್ಲಿ ಬಹುಪಾಲು ಎಲ್ಲರೂ ಕುಡಿಯುತ್ತಿದ್ದರು. ಅವರೆಲ್ಲ ಬೇರೆ ಬೇರೆ ಊರಿನವರು, ಬೇರೆ ಬೇರೆ ಜಾತಿಯವರು. ಅವರ ರಕ್ತ ಒಂದಾಗಿರಲಿಲ್ಲ. ಬೆನ್ನು ಮುರಿಯುವ ಕೆಲಸ ಮಾತ್ರ ಒಂದೇ ಆಗಿತ್ತು.

ನಮ್ಮಣ್ಣ ಕುಡಿಯುತ್ತಾನೆ. ನಾನು ಕುಡಿಯುವುದಿಲ್ಲ. ಒಂದೇ ತಾಯಿ, ಒಂದೇ ತಂದೆ. ಅವನು ಹದಿನಾಲ್ಕಕ್ಕೇ ಅಪ್ಪನ ಜೊತೆ ಗೂಡಿಗೆ ಹೋದ. ನನ್ನನ್ನು ಚಿಕ್ಕಮ್ಮ ಹೊಸಕೋಟೆಗೆ ಕರೆದುಕೊಂಡು ಹೋಗಿ ಓದಿಸಿದರು. ಇಷ್ಟೇ ಕಾರಣ ಅಂತ ಹೇಳುವುದಿಲ್ಲ, ಅಣ್ಣನಿಗೆ ಅಪ್ಪನ ಮೈಗುಣ ನನಗಿಂತ ಜಾಸ್ತಿ ಬಂದಿದ್ದರೂ ಬಂದಿರಬಹುದು. ನನಗೆ ಅಪಾಯ ಬೇರೆಯವರಿಗಿಂತ ಜಾಸ್ತಿ ಅನ್ನುವುದು ಗೊತ್ತು. ಅದಕ್ಕೇ ಮದುವೆ ಮನೆಯಲ್ಲಿ, ಆಫೀಸ್ ಪಾರ್ಟಿಯಲ್ಲಿ ಒಂದು ಗುಟುಕೂ ಮುಟ್ಟುವುದಿಲ್ಲ. "ಒಂದು ಬಿಯರ್‌ಗೆ ಏನಾಗುತ್ತೆ" ಅಂತ ಸ್ನೇಹಿತರು ಅನ್ನುತ್ತಾರೆ. ಅವರಿಗೆ ಏನೂ ಆಗದೇ ಇರಬಹುದು.

ಎರಡು ಕಡೆ ಹೆಣ್ಣು ನೋಡಿ ಬಂದ ಮೇಲೆ ಅಪ್ಪನ ವಿಷಯ ತಿಳಿದು ಬೇಡ ಅಂದರು. ಒಬ್ಬರೂ ನನ್ನನ್ನು ಕೂರಿಸಿಕೊಂಡು ಕೇಳಲಿಲ್ಲ. ಅಕ್ಕಾ, ದಯವಿಟ್ಟು ಆ ಹುಡುಗನನ್ನು ಕೇಳಿ. ಅಪ್ಪ ಕುಡಿದು ಬಂದ ರಾತ್ರಿ ನೀನೇನು ಮಾಡುತ್ತಿದ್ದೆ, ಈಗ ಸಿಟ್ಟು ಬಂದರೆ ಏನು ಮಾಡುತ್ತೀಯ, ಕುಡಿಯುವ ಸ್ನೇಹಿತರ ಜೊತೆ ಹೇಗಿರುತ್ತೀಯ. ಅವನ ಉತ್ತರದಲ್ಲಿ ನಿಮಗೆ ಜಾಸ್ತಿ ಗೊತ್ತಾಗುತ್ತದೆ.

ಪಾವಗಡ ಸಿಸ್ಟರ್:

ಮಾಲೂರಿನ ತಮ್ಮಾ, ಬರೆದಿದ್ದಕ್ಕೆ ಥ್ಯಾಂಕ್ಸ್.

ಮನೆತನ ಅಂದರೆ ರಕ್ತ ಅಂತ ಜನ ಹೇಗೆ ನಂಬಿಬಿಡುತ್ತಾರೆ ಅನ್ನುವುದಕ್ಕೆ ನಮ್ಮ ತಾಲೂಕಿನದೇ ಒಂದು ವಿಷಯ ಹೇಳುತ್ತೇನೆ. ನಾನು ಕೆಲಸ ಮಾಡುವ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಇಲ್ಲಿ ಎಷ್ಟೋ ಬೋರ್‌ಗಳಲ್ಲಿ ದಾಟಿರುತ್ತದೆ. ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೂ ಇದು ಹೊಸದಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಹೆಣ್ಣು ನೋಡಲು ಬಂದವರು ನಕ್ಕಾಗ ಹಲ್ಲು ನೋಡಿ "ಇದು ಅವರ ಮನೆತನದ ಹಲ್ಲು" ಅಂತ ಹೋಗಿಬಿಡುತ್ತಿದ್ದರು. ಅಜ್ಜನಿಗೂ ಹಾಗೇ, ಅಪ್ಪನಿಗೂ ಹಾಗೇ, ಮಗಳಿಗೂ ಹಾಗೇ. ಹೊರಗಿಂದ ಬಂದ ಸೊಸೆಯ ಹಲ್ಲು ಮಾತ್ರ ಬೆಳ್ಳಗೆ, ಅವಳ ಮಕ್ಕಳ ಹಲ್ಲು ಮತ್ತೆ ಗಂಡನ ಥರ. ಇದಕ್ಕಿಂತ ಸಾಕ್ಷಿ ಬೇಕಾ ರಕ್ತಕ್ಕೆ ಅನ್ನುತ್ತಿದ್ದರು.

ನಿಜ ಏನು ಗೊತ್ತಾ? ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ಒಸಡಿನೊಳಗೆ ಇನ್ನೂ ರೂಪುಗೊಳ್ಳುವಾಗ, ಅಂದರೆ ಮೊದಲ ಏಳೆಂಟು ವರ್ಷದಲ್ಲಿ, ಆ ನೀರು ಕುಡಿದರೆ ಮಾತ್ರ ಪಟ್ಟೆ ಬರುವುದು. ಸೊಸೆ ಬೆಳೆದ ಮೇಲೆ ಬಂದವಳು, ಅವಳ ಹಲ್ಲಿಗೆ ಏನೂ ಆಗಲಿಲ್ಲ. ಮಕ್ಕಳು ಅಪ್ಪ ಕುಡಿದ ಬೋರ್‌ವೆಲ್ಲಿನ ನೀರನ್ನೇ ಕುಡಿದು ಬೆಳೆದರು. ತಲೆಮಾರಿಂದ ತಲೆಮಾರಿಗೆ ಬಂದದ್ದು ಬೋರ್‌ವೆಲ್. ಈಗ ಶುದ್ಧ ನೀರಿನ ಘಟಕ ಇರುವ ಊರಲ್ಲಿ, ಕ್ಯಾನ್ ನೀರೇ ಕುಡಿದು ಬೆಳೆದ ಮಕ್ಕಳ ಹಲ್ಲು ಚೆನ್ನಾಗಿರುತ್ತದೆ, ಅಪ್ಪನದು ಕಂದಾಗಿದ್ದರೂ.

'ಆ ಮನೆಯವರೆಲ್ಲ ಹಾಗೆ' ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು, ಆ ಮನೆಯವರು ಯಾವ ನೀರು ಕುಡಿಯುತ್ತಾರೆ ಅಂತ. ಹಲ್ಲಿಗೂ ಸರಿ, ಸಿಟ್ಟಿಗೂ ಸರಿ. ಸಿಟ್ಟಿನ ವಿಷಯದಲ್ಲಿ 'ನೀರು' ಅಂದರೆ ಸಾಲ, ಹೊಡೆತ, ನಿದ್ದೆಗೆಟ್ಟ ರಾತ್ರಿಗಳು.

ಬಂಗಾರಪೇಟೆ ರೈಲು:

ಆದರೆ ಸಿಟ್ಟಿಗೆ, ಕ್ರೈಮ್‌ಗೆ ಜೀನ್ ಕಂಡುಹಿಡಿದಿದ್ದಾರಲ್ಲ? 'ವಾರಿಯರ್ ಜೀನ್' ಅಂತ ಯೂಟ್ಯೂಬಲ್ಲಿ ನೋಡಿದೆ. ಅದು ಇದ್ದರೆ ಮನುಷ್ಯ ಹೊಡೆದಾಟಕ್ಕೇ ಹುಟ್ಟಿದವನು ಅಂತೆ.

ತುಮಕೂರು ಬಯಾಲಜಿ ಮೇಷ್ಟ್ರು:

ಆ ವಿಡಿಯೋಗಳಿಂದ ನನ್ನ ವಿದ್ಯಾರ್ಥಿಗಳನ್ನು ಬಿಡಿಸುವುದೇ ದೊಡ್ಡ ಕೆಲಸವಾಗಿದೆ. ಆ ವಂಶವಾಹಿಯ ಹೆಸರು ಎಂಎಒಎ. ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವ ಅದರಿಂದ ತಯಾರಾಗುತ್ತದೆ. 1993ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಕುಟುಂಬದಲ್ಲಿ ಅದು ಪೂರ್ತಿ ಕೆಟ್ಟುಹೋಗಿದ್ದ ಗಂಡಸರು ಸಿಕ್ಕಿದರು. ಅವರಲ್ಲಿ ಬುದ್ಧಿಯ ಬೆಳವಣಿಗೆ ಕಡಿಮೆ, ಏಕಾಏಕಿ ಸಿಟ್ಟಿಗೇಳುವುದು ಕಂಡಿತು. ಅದು ಬಹಳ ಬಹಳ ಅಪರೂಪದ ದೋಷ. ಯೂಟ್ಯೂಬ್‌ನವರು ಹೇಳುವುದು ಬೇರೆ, ಸಾಮಾನ್ಯ ಜನರಲ್ಲೇ ಇರುವ, ಕಿಣ್ವ ಸ್ವಲ್ಪ ಕಡಿಮೆ ತಯಾರಿಸುವ ರೂಪ. ಅದು ಲೋಕದಲ್ಲಿ ಕೋಟ್ಯಂತರ ಗಂಡಸರಿಗಿದೆ. ಅವರೆಲ್ಲ ಹೊಡೆದಾಡುತ್ತಾ ತಿರುಗುತ್ತಿಲ್ಲ.

2002ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ಊರಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದವರು ಒಂದು ವಿಷಯ ಕಂಡರು. ಈ ರೂಪ ಇದ್ದು, ಚಿಕ್ಕಂದಿನಲ್ಲಿ ಹೊಡೆತ ಬಡಿತ ತಿಂದವರಲ್ಲಿ ಮುಂದೆ ಹಿಂಸೆ ಜಾಸ್ತಿ. ಅದೇ ರೂಪ ಇದ್ದೂ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡವರಲ್ಲಿ ಹಾಗಿಲ್ಲ. ಇದನ್ನೂ ನಾನು ಎಚ್ಚರದಿಂದ ಹೇಳುತ್ತೇನೆ. ಒಂದು ಜೀನ್ ಹಿಡಿದು ಒಂದು ಗುಣ ವಿವರಿಸುವ ಆ ಕಾಲದ ಬಹಳಷ್ಟು ಅಧ್ಯಯನಗಳು, ದೊಡ್ಡ ಸಂಖ್ಯೆಯ ಜನರಲ್ಲಿ ಮತ್ತೆ ಪರೀಕ್ಷಿಸಿದಾಗ, ನಿಲ್ಲಲಿಲ್ಲ. ಖಿನ್ನತೆಯ ಜೀನ್ ಅಂತ ಹೆಸರು ಮಾಡಿದ್ದವುಗಳನ್ನು 2019ರಲ್ಲಿ ಲಕ್ಷಗಟ್ಟಲೆ ಜನರಲ್ಲಿ ನೋಡಿದರು, ಬೇರೆ ಯಾವುದೋ ಜೀನ್ ತೆಗೆದುಕೊಂಡರೂ ಅಷ್ಟೇ ಫಲ ಬರುತ್ತಿತ್ತು. ಗುಣಗಳ ಹಿಂದೆ ಸಾವಿರಾರು ವಂಶವಾಹಿ ರೂಪಗಳಿವೆ, ಒಂದೊಂದರ ಪಾಲು ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೂ 2009ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಒಂದು ಕೋರ್ಟು ಇದೇ ಎಂಎಒಎ ಜೀನ್ ನೋಡಿ ಕೊಲೆಗಾರನೊಬ್ಬನ ಶಿಕ್ಷೆಯಲ್ಲಿ ಒಂದು ವರ್ಷ ಕಡಿಮೆ ಮಾಡಿತು.

ತಿಪಟೂರು ಅಪ್ಪ:

ಸಾರ್, ಸ್ವಲ್ಪ ವಿಷಯಾಂತರ. ಮಗನ ಶಾಲೆಗೆ ಒಬ್ಬರು ಬಂದು ಹತ್ತೂ ಬೆರಳಚ್ಚು ತೆಗೆದು ಮಗುವಿನ ಹುಟ್ಟು ಪ್ರತಿಭೆ, ಸ್ವಭಾವ ಎಲ್ಲ ಹೇಳುತ್ತೇವೆ ಅಂತಿದ್ದಾರೆ. ಸಾವಿರಗಟ್ಟಲೆ ಕೇಳುತ್ತಾರೆ. ಮಾಡಿಸಬಹುದಾ?

ತುಮಕೂರು ಬಯಾಲಜಿ ಮೇಷ್ಟ್ರು:

ಬೇಡ. ದುಡ್ಡು ಉಳಿಸಿ ಮಗುವಿಗೆ ಪುಸ್ತಕ ಕೊಡಿಸಿ. ಬೆರಳಿನ ಗೆರೆ ಗರ್ಭದಲ್ಲೇ ಮೂಡುತ್ತದೆ ಅನ್ನುವುದು ನಿಜ, ಅದರಿಂದ ಬುದ್ಧಿ ಅಳೆಯಬಹುದು ಅನ್ನುವುದು ಸುಳ್ಳು. ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂದಿದೆ. ಬೆರಳು ಬಿಡಿ, ನೇರವಾಗಿ ಡಿಎನ್‌ಎ ಓದಿದರೂ ಒಂದು ಮಗು ಎಷ್ಟು ಓದುತ್ತದೆ ಅಂತ ಹೇಳೋಕೆ ಬರುವುದಿಲ್ಲ. 2022ರಲ್ಲಿ 30 ಲಕ್ಷ ಜನರ ಡಿಎನ್‌ಎ ನೋಡಿ ಕಟ್ಟಿದ ಸ್ಕೋರು ಜನರ ನಡುವಿನ ಓದಿನ ವ್ಯತ್ಯಾಸದಲ್ಲಿ ಶೇ. 12ರಿಂದ 16ರಷ್ಟನ್ನು ಮಾತ್ರ ವಿವರಿಸಿತು. ಅದೂ ಯುರೋಪ್ ಮೂಲದವರಲ್ಲಿ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೋಲಿಸಿದರೆ ಅದರ ಬಲ ಇನ್ನೂ ಇಳಿಯುತ್ತದೆ.

ಗೌರಿಬಿದನೂರು ಓದುಗ:

ನಾನು ಇತಿಹಾಸದವನು. 'ಹುಟ್ಟಿನಿಂದಲೇ ಹೀಗೆ' ಅನ್ನುವ ಮಾತಿಗೆ ಸರ್ಕಾರದ ಮುದ್ರೆ ಬಿದ್ದಾಗ ಏನಾಗುತ್ತದೆ ಅನ್ನುವುದು ಮನೆಯ ಊಟದ ಮಾತಿಗಿಂತ ದೊಡ್ಡದು, ಅದನ್ನು ಹೇಳಲೇಬೇಕು.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೆಲವು ಅಲೆಮಾರಿ ಸಮುದಾಯಗಳು ಹುಟ್ಟಾ ಕಳ್ಳರು ಅಂತ ಬರೆದುಕೊಂಡರು. ಆ ಸಮುದಾಯಕ್ಕೆ ಸೇರಿದವರು ಪೊಲೀಸರ ಬಳಿ ಹೆಸರು ಬರೆಸಬೇಕು, ಊರು ಬಿಟ್ಟು ಹೋಗೋಕೆ ಚೀಟಿ ಬೇಕು. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಬದುಕುತ್ತಿದ್ದವರನ್ನು ಕಟ್ಟಿಹಾಕಿದರು, ಬದುಕು ತಪ್ಪಿಸಿದರು, ಆಮೇಲೆ ಹಸಿವಿಗೆ ಕದ್ದರೆ 'ನೋಡಿ, ರಕ್ತ' ಅಂದರು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಆದರೂ ಇವತ್ತಿಗೂ ಊರಲ್ಲಿ ಕೋಳಿ ಕಳುವಾದರೆ ಮೊದಲು ಯಾರ ಗುಡಿಸಲ ಕಡೆ ಹೋಗುತ್ತಾರೆ ಅಂತ ನಮಗೆಲ್ಲ ಗೊತ್ತಿದೆ.

ಅಮೆರಿಕದಲ್ಲೂ ಹೀಗೇ. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ಯಾರಿ ಬಕ್ ಅನ್ನುವ ಹೆಣ್ಣುಮಗಳಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು ಅಂದಿತು. ತಾಯಿ ಮಂದಬುದ್ಧಿ, ಇವಳು ಮಂದಬುದ್ಧಿ, ಇವಳ ಕೂಸೂ ಮಂದಬುದ್ಧಿ, ಮೂರು ತಲೆಮಾರು ಸಾಕು ಅಂತ ತೀರ್ಪು. ಕೂಸನ್ನು ಹಾಗೆ ಅಳೆದಾಗ ಅದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಮಗು ವಿವಿಯನ್ ಶಾಲೆಗೆ ಹೋಗಿ ಚೆನ್ನಾಗಿ ಓದುವವರ ಪಟ್ಟಿಗೂ ಸೇರಿದಳು, ಎಂಟು ವರ್ಷಕ್ಕೆ ಕಾಯಿಲೆ ಬಂದು ತೀರಿಕೊಂಡಳು. ಅಮೆರಿಕದಲ್ಲಿ ಹೀಗೆ ಸಂತಾನ ಕಳೆದುಕೊಂಡವರು 60 ಸಾವಿರಕ್ಕೂ ಜಾಸ್ತಿ.

ನಮ್ಮ ತಾಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ವಂಶದಲ್ಲಿ ಏನಿತ್ತು ಅಂತ ಹುಡುಕುತ್ತಾ ಕೂತಿದ್ದರೆ ಯಾರು ಓದಿಸುತ್ತಿದ್ದರು?

ಚಿಂತಾಮಣಿ ಅಕ್ಕ:

ಎಲ್ಲರಿಗೂ ಧನ್ಯವಾದ. ಮಾಲೂರಿನವರ ಮಾತನ್ನು ತಂಗಿಗೆ ಓದಿ ಹೇಳಿದೆ. ಇನ್ನೊಂದು ವಿಷಯ ನಾನು ಬರೆದಿರಲಿಲ್ಲ. ಈ ಸಂಬಂಧ ಬೇಡ ಅನ್ನುವವರು ಇನ್ನೊಂದು ಕಡೆ ಕೈ ತೋರಿಸುತ್ತಿದ್ದಾರೆ. ಅಮ್ಮನ ಕಿರಿಯ ತಮ್ಮ ಇದ್ದಾರೆ, ನಮ್ಮ ಸೋದರಮಾವ. ಒಳ್ಳೆಯವರೇ. "ನಮ್ಮದೇ ರಕ್ತ, ಗುಣ ಗೊತ್ತಿರೋದು, ಯಾಕೆ ಹೊರಗೆ ಹೋಗಬೇಕು" ಅಂತ ಅಜ್ಜಿ ಹಟ ಹಿಡಿದಿದ್ದಾರೆ.

ಪಾವಗಡ ಸಿಸ್ಟರ್:

ಅಕ್ಕಾ, ಇದನ್ನು ನೀವು ಮೊದಲೇ ಹೇಳಬೇಕಿತ್ತು. ವಂಶವಾಹಿಗೆ ನಿಜವಾಗಿ ಹೆದರಬೇಕಾದ ಜಾಗ ಇದು. ಅಲ್ಲಿ ಹೆದರುತ್ತಾರೆ, ಇಲ್ಲಿ ಹೆದರುವುದಿಲ್ಲ.

ನಮ್ಮೆಲ್ಲರ ಮೈಯಲ್ಲೂ ಒಂದಷ್ಟು ಕೆಟ್ಟ ವಂಶವಾಹಿ ಸುಮ್ನೆ ಮಲಗಿರುತ್ತವೆ. ಜೋಡಿಯಲ್ಲಿ ಇನ್ನೊಂದು ಚೆನ್ನಾಗಿದ್ದರೆ ಏನೂ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟದ್ದು ಇದ್ದರೆ, ಒಂದೊಂದು ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೇರೆಯವರ ನಡುವೆ ಹಾಗೆ ಹೊಂದುವುದು ಅಪರೂಪ. ಸೋದರಮಾವನಿಗೂ ಅಕ್ಕನ ಮಗಳಿಗೂ ವಂಶವಾಹಿಗಳಲ್ಲಿ ಸರಾಸರಿ ಕಾಲು ಭಾಗ ಒಂದೇ ಇರುತ್ತದೆ. ಅತ್ತೆ ಮಗ, ಮಾವನ ಮಗಳಲ್ಲಿ ಎಂಟನೇ ಒಂದು ಭಾಗ. ಹುಟ್ಟು ಕಿವುಡಿನಲ್ಲಿ ಒಂದು ಬಗೆ ಹೀಗೇ ಬರುವುದು. ಮಗು ಕೂಗಿದರೂ ತಿರುಗುವುದಿಲ್ಲ ಅಂತ ಕರೆದುಕೊಂಡು ಬಂದವರ ಹತ್ತಿರ "ಸಂಬಂಧದಲ್ಲೇ ಮದುವೆಯಾ" ಅಂತ ಕೇಳಿ ಕೇಳಿ ನನಗೆ ಸಾಕಾಗಿದೆ.

ಶಿಡ್ಲಘಟ್ಟ ಹುಳುಮನೆ:

ಸಿಸ್ಟರ್, ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಂಡವರು ಬೀದಿಗೊಬ್ಬರಿದ್ದಾರೆ. ನಮ್ಮ ಅಪ್ಪ ಅಮ್ಮನೂ ಹಾಗೇ. ನಾವೆಲ್ಲ ಚೆನ್ನಾಗೇ ಇದ್ದೇವೆ.

ಪಾವಗಡ ಸಿಸ್ಟರ್:

ಅಣ್ಣಾ, ಬಹಳ ಮಕ್ಕಳು ಚೆನ್ನಾಗೇ ಹುಟ್ಟುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರ ಮದುವೆಯಲ್ಲಾದರೂ ಇರುವ ಅಪಾಯ ಇಂಥ ಮದುವೆಯಲ್ಲಿ ಹೆಚ್ಚುತ್ತದೆ ಅಂತಷ್ಟೇ. ನಿಮಗೇ ಗೊತ್ತಿರುವ ವಿಷಯ ಕೇಳುತ್ತೇನೆ. ನೀವು ಮಾರೋಕೆ ಬೆಳೆಯುವುದು ಮಿಶ್ರತಳಿ ಹುಳ ಅಲ್ವಾ? ನಿಮ್ಮ ಮನೆಯ ಗೂಡಿನಿಂದಲೇ ಚಿಟ್ಟೆ ಎಬ್ಬಿಸಿ, ಅದೇ ಮೊಟ್ಟೆಯಿಂದ ವರ್ಷವರ್ಷ ಬೆಳೆ ತೆಗೆಯುತ್ತೀರಾ?

ಶಿಡ್ಲಘಟ್ಟ ಹುಳುಮನೆ:

ಇಲ್ಲ. ಹಾಗೆ ಮಾಡಿದರೆ ಬೆಳೆ ಕೈಗೆ ಹತ್ತುವುದಿಲ್ಲ. ಮೊಟ್ಟೆ ಹೊರಗಿಂದಲೇ ತರುವುದು.

ಮಾಲೂರು ಹೆಂಚಿನ ಊರವ:

ಅಕ್ಕಾ, ಮಾವ ಒಳ್ಳೆಯವರು ಅಂದಿರಿ. ತಂಗಿಗೆ ಏನನ್ನಿಸುತ್ತದೆ?

ಚಿಂತಾಮಣಿ ಅಕ್ಕ:

ಅವಳಿಗೆ ಮಾವ ಅಂದರೆ ಎತ್ತಿ ಆಡಿಸಿದವರು. ಮದುವೆ ಅಂದರೆ ಅಳುತ್ತಾಳೆ. ಮಾವನಿಗೂ ಇಷ್ಟವಿಲ್ಲ, ಅಜ್ಜಿಗೆ ಹೆದರಿ ಸುಮ್ಮನಿದ್ದಾರೆ. ಭಾನುವಾರ ಆ ಹುಡುಗನನ್ನು ಮನೆಗೆ ಕರೆದಿದ್ದೇವೆ, ದೊಡ್ಡಪ್ಪನೂ ಇರುತ್ತಾರೆ. ಕೇಳಬೇಕಾದ್ದನ್ನೆಲ್ಲ ನಾನೇ ಕೇಳುತ್ತೇನೆ. ಸಿಸ್ಟರ್, ಅಜ್ಜಿಗೆ ಡಾಕ್ಟರ ಬಾಯಿಂದಲೇ ಹೇಳಿಸಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಪಾವಗಡ ಸಿಸ್ಟರ್:

ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರನ್ನೋ ಮಕ್ಕಳ ಡಾಕ್ಟರನ್ನೋ ಕೇಳಿ, ಅಜ್ಜಿಗೆ ಅವರೇ ಅರ್ಥವಾಗುವ ಹಾಗೆ ಹೇಳುತ್ತಾರೆ. ಇನ್ನೂ ವಿವರ ಬೇಕಾದರೆ ಬೆಂಗಳೂರಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಹೋಗುವಾಗ ಒಂದು ಹಾಳೆಯಲ್ಲಿ ಅಮ್ಮನ ಕಡೆಯ ಮೂರು ತಲೆಮಾರು ಬರೆದುಕೊಂಡು ಹೋಗಿ. ಯಾರು ಯಾರನ್ನು ಮದುವೆಯಾದರು, ಹುಟ್ಟಿದ ಮಕ್ಕಳಲ್ಲಿ ಯಾರಿಗೆ ಕಿವಿ ಕೇಳುತ್ತಿರಲಿಲ್ಲ, ಯಾರು ಚಿಕ್ಕಂದಿನಲ್ಲೇ ಹೋದರು, ಯಾರಿಗೆ ಮೂರ್ಛೆ ಬರುತ್ತಿತ್ತು. ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಿರಿ. ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆ ಹುಡುಗನ ಮನೆಯವರಿಗೆ ಕುಡಿತದ ಬಗ್ಗೆ ಏನಾದರೂ ಕೇಳಬೇಕು ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಬೇರೆ ವಿಭಾಗ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾಲೂರಿನ ತಮ್ಮಾ, ನಿಮ್ಮ ಅಣ್ಣನಿಗೂ ಆ ನಂಬರ್ ಕೊಡಿ.